ತೊಂಬತ್ತು ಭಾಗ ಮುಗಿದಿದೆ

"ಸಾರ್, 1966ರ ಫಿಯಟ್ 1100, ತೊಂಬತ್ತು ಭಾಗ ಕೆಲಸ ಮುಗಿದಿದೆ ಅಂದಿದ್ರಿ. ಗಾಡಿ ಎಲ್ಲಿ?"

"ಅದರ ಮೇಲೇ ಕೂತಿದ್ದೀರಲ್ಲ! ಹಿಂದಿನ ಸೀಟು ಅದು. ಬಾಡಿ ಶೆಡ್ಡಲ್ಲಿದೆ, ಬಾನೆಟ್ ಮಂಚದ ಕೆಳಗೆ."

"ಇಂಜಿನ್ನು?"

"1089 ಸಿಸಿ, ಬೋರ್ ಮಾಡಿಸಿಟ್ಟಿದ್ದೀನಿ. ಕಾರ್ಬುರೇಟರ್ ಅಡುಗೆಮನೆಯಲ್ಲಿ, ಮೆಂತ್ಯದ ಡಬ್ಬಿ ಪಕ್ಕ."

"ಸ್ಟೀರಿಂಗ್ ಪಕ್ಕದ ಗೇರ್ ಲಿವರ್ರು?"

"ಮನೆಯವಳು ಅದಕ್ಕೆ ಟವೆಲ್ ನೇತುಹಾಕಿದ್ದಾಳೆ. ತೆಗೆಸ್ತೀನಿ."

"ಉಳಿದ ಹತ್ತು ಭಾಗ?"

"ಜೋಡಿಸೋದು, ಅಷ್ಟೇ. ಸಣ್ಣಪುಟ್ಟ ಸಾಮಾನು ಜೆ.ಸಿ. ರಸ್ತೆಯಲ್ಲಿ ಸಿಗುತ್ತೆ."

"ಸಿಗೋದಾದ್ರೆ ನೀವ್ಯಾಕೆ ತರಲಿಲ್ಲ?"

(ಮಾಲೀಕರು ಒಳಗೆ ತಿರುಗಿ ಕಾಫಿ ಹೇಳಿದರು. ಇಂಥ ಪ್ರಶ್ನೆಗೆ ನಮ್ಮಲ್ಲಿ ಕಾಫಿಯೇ ಉತ್ತರ.)

"ಆರ್.ಸಿ.?"

"50 ವರ್ಷ ದಾಟಿದೆ. 2021ರ ನಿಯಮದಲ್ಲಿ ವಿಂಟೇಜ್ ನೋಂದಣಿ, ವಿ.ಎ. ನಂಬರು!"

"ಅದಕ್ಕೆ ಗಾಡಿ ಮೂಲ ಸ್ಥಿತಿಯಲ್ಲಿರಬೇಕಲ್ಲ?"

"ಮೂಲ ಸ್ಥಿತಿಯೇ ಇದು. ಕುರ್ಲಾ ಕಾರ್ಖಾನೆಯಲ್ಲೂ ಮೊದಲು ಬಿಡಿಬಿಡಿಯಾಗೇ ಇತ್ತು."

"ಬೆಲೆ?"

"ಮೂರು ಲಕ್ಷ. ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ಕೇಳಿದ, ಬೈದು ಕಳಿಸಿದೆ."

"ಅವನ ನಂಬರ್ ಕೊಡ್ತೀರಾ?"

"ನಿಮಗ್ಯಾಕೆ?"

"ನನ್ನ ಶೆಡ್ಡಲ್ಲೂ ತೊಂಬತ್ತು ಭಾಗ ಮುಗಿದ ಅಂಬಾಸಿಡರ್ ಒಂದಿದೆ."

ಓದುಗರೇ, ಎರಡೂ ಗಾಡಿ ಮಾರಾಟಕ್ಕಿವೆ. ಬರುವಾಗ ಗೋಣಿಚೀಲ ನೀವೇ ತನ್ನಿ.