ದಪ್ಪ ಸೊಂಟದ ಪರವಾಗಿ

ನಮ್ಮ ಮನೆಯಲ್ಲಿ ನನ್ನ ಸೊಂಟದ ವಿರುದ್ಧ ಆಗಾಗ ಖಂಡನಾ ನಿರ್ಣಯ ಮಂಡನೆಯಾಗುತ್ತದೆ. ಮಂಡಿಸುವವಳು ಹೆಂಡತಿ, ಅನುಮೋದಿಸುವವಳು ಮಗಳು, ಸಾಕ್ಷಿ ಪ್ಯಾಂಟಿನ ಗುಂಡಿ. ವಾಕಿಂಗ್ ಒಂದನ್ನು ಬಿಟ್ಟು ಮಿಕ್ಕೆಲ್ಲ ಉಪಾಯ ಮುಗಿದ ಮೇಲೆ ನಾನು ಗಣಿತದ ಮೊರೆಹೊಕ್ಕೆ.

ಹೆಂಡತಿಯ 2.6 ಸೈಜಿನ ಎರಡು ಬಳೆಗಳನ್ನು ಜೋಡಿಸಿ ಪಾತ್ರೆ ತೊಳೆಯುವ ಲಿಕ್ವಿಡ್ಡಿನಲ್ಲಿ ಅದ್ದಿ, ಮೆಲ್ಲಗೆ ಬೇರೆ ಮಾಡಿ, ನಡುವೆ ಅಡ್ಡಬಂದ ಬಿಲ್ಲೆಯನ್ನು ಒಣಬೆರಳಿನಿಂದ ಒಡೆದೆ. ಡಮರುವಿನಂಥ ಪೊರೆ ನಿಂತಿತು.

"ಕ್ಯಾಟಿನಾಯ್ಡ್! 1744ರಲ್ಲೇ ಆಯ್ಲರ್ ಕಂಡುಕೊಂಡ ಆಕಾರ" ಎಂದೆ.

"ಬಳೆ ಜೋಪಾನ" ಎಂದಳು.

ಇವೇ ಬಳೆಗಳ ನಡುವೆ ಲೆಕ್ಕದ ಪ್ರಕಾರ ಎರಡು ಕ್ಯಾಟಿನಾಯ್ಡ್ ಹೊಂದುತ್ತವೆ: ಒಂದು ದಪ್ಪ ಸೊಂಟದ್ದು, ಇನ್ನೊಂದು ಸಪೂರ ಸೊಂಟದ್ದು. ಅಡುಗೆಮನೆಯಲ್ಲಿ ಕಣ್ಣಿಗೆ ಬೀಳುವುದು ಮಾತ್ರ ದಪ್ಪದ್ದೇ. ಪೊರೆಯನ್ನು ಕೊಂಚ ಅಲುಗಿಸಿದರೆ ಏನಾದೀತು ಎಂದು ಹೇಳಲು ಯಾಕೋಬಿಯ ಹೆಸರಿನ ಒಂದು ಅವಕಲ ಸಮೀಕರಣವಿದೆ. ಅದರ ಉತ್ತರ ಎಲ್ಲೆಲ್ಲಿ ಸೊನ್ನೆಯಾಗುತ್ತದೆಂದು ಎಣಿಸಿದರೆ ಪೊರೆಯ ಹಣೆಬರಹ ತಿಳಿಯುತ್ತದೆ. ಇದು 1836ರಲ್ಲಿ ಸ್ಟರ್ಮ್ ಹಾಕಿಕೊಟ್ಟ ಆಂದೋಲನ ಸಿದ್ಧಾಂತದ ದಾರಿ. ಬರೀ ಸೊನ್ನೆ ಎಣಿಸುವ ಕೆಲಸ. ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ್ದು.

ಇಲ್ಲಿ ಸೊನ್ನೆಗಳು ಎರಡು. ಸೊಂಟದ ತ್ರಿಜ್ಯದ ಸುಮಾರು 1.2ರಷ್ಟು ಮೇಲೆ ಒಂದು, ಅಷ್ಟೇ ಕೆಳಗೆ ಇನ್ನೊಂದು. ಅವು ಬಳೆಗಳ ಆಚೆ ಬಿದ್ದರೆ ಪೊರೆ ನೆಮ್ಮದಿಯಾಗಿರುತ್ತದೆ. ಸೊಂಟ ಸಣ್ಣಗಾದಂತೆಲ್ಲ ಅವು ಹತ್ತಿರ ಸರಿದು ಬಳೆಗಳ ನಡುವೆ ಬರುತ್ತವೆ. ಆಮೇಲೆ ಉಸಿರು ತಾಗಿದರೂ ಪೊರೆ ನಿಲ್ಲದು.

"ಕೇಳಿದೆಯಾ? ಸಣ್ಣ ಸೊಂಟ ಅಸ್ಥಿರ, ದಪ್ಪ ಸೊಂಟ ಸ್ಥಿರ" ಎಂದು ಹೊಟ್ಟೆ ಸವರಿಕೊಂಡೆ. ಗೆದ್ದ ಹುಮ್ಮಸ್ಸಿನಲ್ಲಿ ಬಳೆಗಳನ್ನು ಇನ್ನಷ್ಟು ಎಳೆದೆ. 6 ಸೆಂಟಿಮೀಟರ್ ವ್ಯಾಸಕ್ಕೆ 4 ಸೆಂಟಿಮೀಟರ್ ಅಂತರವೇ ಗಡಿ. ಅದರಾಚೆ ದಪ್ಪದ್ದೂ ಇಲ್ಲ, ಸಪೂರದ್ದೂ ಇಲ್ಲ. ಪೊರೆ ಸೊಂಟದಲ್ಲೇ ತುಂಡಾಗಿ ಒಂದೊಂದು ಬಳೆಗೆ ಒಂದೊಂದು ಬಿಲ್ಲೆಯಾಗಿ ಅಂಟಿತು. ಒಂದು ಹನಿ ಹುಳಿಯ ಪಾತ್ರೆಗೆ ಸಿಡಿಯಿತು.

ಅವಳು ಪಾತ್ರೆಗೆ ಮುಚ್ಚಳ ಹಾಕಿ, "ರೀ, ಆ ಪೊರೆ ಸುತ್ತಲೂ ಹೊರಕ್ಕೆ ಉಬ್ಬಿದ್ರೂ ಮೇಲಿಂದ ಕೆಳಕ್ಕೆ ಒಳಕ್ಕೆ ಬಾಗಿತ್ತಲ್ಲ?" ಎಂದಳು.

ಶಿಷ್ಯೆ ಸಿಕ್ಕ ಖುಷಿಯಲ್ಲಿ ನಾನು, "ಭೇಷ್! ಎರಡು ಬಾಗೂ ಸಮ, ಕೂಡಿದರೆ ಸೊನ್ನೆ. ಕನಿಷ್ಠ ಮೇಲ್ಮೈಯ ಲಕ್ಷಣವೇ ಅದು" ಎಂದೆ.

"ನಿಮ್ಮದು ಎರಡು ಕಡೆಯಿಂದಲೂ ಹೊರಕ್ಕೇ ಬಾಗಿದೆ. ಶೂ ಬಾಗಿಲ ಹತ್ರ ಇಟ್ಟಿದೀನಿ, ಹೊರಡಿ."