ರಿಪೋರ್ಟ್ ರಾಯರು

ಜಯನಗರವಾಗಲಿ ಸರಸ್ವತೀಪುರವಾಗಲಿ, ಬ್ಯಾಂಕಿನಿಂದ ನಿವೃತ್ತರಾದ ಇಂಥ ರಾಯರು ಒಬ್ಬರು ಇದ್ದೇ ಇರುತ್ತಾರೆ. ಲೆಡ್ಜರ್ ತಾಳೆ ನೋಡುವ ಚಟ ಬಿಟ್ಟಿಲ್ಲ. ಈಗ ಅದು ಸ್ವಂತ ದೇಹದ ಮೇಲೆ ತಿರುಗಿದೆ. "ನಿದ್ದೆ ಬಂತಾ ರಾಯರೇ?" ಎಂದರೆ ಕೈಗೆ ಕಟ್ಟಿದ ವಾಚ್ ನೋಡಿ, "ನಿದ್ದೆಯ ಸ್ಕೋರ್ 68 ಅಂತಿದೆ, ಅಷ್ಟೇನೂ ಬಂದಿಲ್ಲ" ಎನ್ನುತ್ತಾರೆ. ರಾತ್ರಿಯಿಡೀ ಅವರ ಗೊರಕೆ ಕೇಳಿದ ಹೆಂಡತಿಯ ಸಾಕ್ಷ್ಯ ಅಲ್ಲಿ ನಡೆಯುವುದಿಲ್ಲ.

ದಿನಕ್ಕೆ 10,000 ಹೆಜ್ಜೆ ಆಗಲೇಬೇಕು. ಕಡಿಮೆ ಬಿದ್ದ ರಾತ್ರಿ ಸೋಫಾಕ್ಕೆ ಪ್ರದಕ್ಷಿಣೆ. ಅದು ವೈದ್ಯಶಾಸ್ತ್ರದ ಅಪ್ಪಣೆಯಲ್ಲ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಅದಕ್ಕಿಟ್ಟ ಹೆಸರಿನಿಂದ ಹುಟ್ಟಿದ ಲೆಕ್ಕ ಎಂದೆ. "ಜಪಾನಿನವರು ನೂರು ವರ್ಷ ಬದುಕ್ತಾರೆ ಕಣ್ರೀ" ಎಂದು ಇನ್ನೊಂದು ಸುತ್ತು ಹಾಕಿದರು.

ಲ್ಯಾಬ್ ರಿಪೋರ್ಟು ಈಗ ಡಾಕ್ಟರಿಗಿಂತ ಮೊದಲು ರಾಯರ ಮೊಬೈಲಿಗೆ ಬರುತ್ತದೆ. ಒಂದು ಸಾಲು ದಪ್ಪಕ್ಷರದಲ್ಲಿದ್ದರೆ ಮುಗಿಯಿತು. ಕುಟುಂಬದ ಗ್ರೂಪಿಗೆ, ಡಾಲಸ್‌ನ ಮಗನಿಗೆ, ಕೊನೆಗೆ ಡಾಕ್ಟರಿಗೆ ಸ್ಕ್ರೀನ್‌ಶಾಟ್. ಬಹುತೇಕ ಟೆಸ್ಟುಗಳ ನಾರ್ಮಲ್ ಗೆರೆಯನ್ನು ಎಳೆಯುವುದೇ 100 ಆರೋಗ್ಯವಂತರಲ್ಲಿ 95 ಮಂದಿ ಒಳಗಿರುವಂತೆ. ಮಿಕ್ಕ ಐವರು ಏನೂ ಆಗದೆಯೇ ಹೊರಗೆ. ಹಾಗಿರುವಾಗ ಅರವತ್ತು ಟೆಸ್ಟಿನ ಪ್ಯಾಕೇಜಿನಲ್ಲಿ ಒಂದೆರಡು ದಪ್ಪಕ್ಷರ ಬರದಿದ್ದರೇ ಆಶ್ಚರ್ಯ. ಅಷ್ಟೊಂದು ಯಾಕೆ ಮಾಡಿಸಿದಿರಿ? "ಆಫರ್ ಇತ್ತು."

2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿ ರಾಯರಿಗೆ ಬಾಯಿಪಾಠ. ಫೋನು, ವಿಡಿಯೊ, ಮೆಸೇಜು, ಮೂರಕ್ಕೂ ಅವಕಾಶವುಂಟು. ರಾತ್ರಿ ಹನ್ನೊಂದೂವರೆಗೆ ನಾಲಗೆಯ ಫೋಟೊ ಕಳಿಸಬಾರದೆಂದು ಎಲ್ಲೂ ಬರೆದಿಲ್ಲವಂತೆ. ಡಾಕ್ಟರು ಅದಕ್ಕೂ ಫೀಸು ತೆಗೆದುಕೊಳ್ಳಬಹುದು ಎಂಬ ಪುಟ ಮಾತ್ರ ಅವರ ಮೊಬೈಲಿನಲ್ಲಿ ತೆರೆದುಕೊಳ್ಳುವುದಿಲ್ಲ. ಹಳ್ಳಿಯ ಉಪಕೇಂದ್ರದಲ್ಲಿ ಕೂತ ಅಜ್ಜಿಗೆ ಸರ್ಕಾರದ ಟೆಲಿಮೆಡಿಸಿನ್ ಸೇವೆ ಇ-ಸಂಜೀವಿನಿಯಲ್ಲಿ ದೂರದ ಡಾಕ್ಟರು ಸಿಕ್ಕಿದರೆ ಬಸ್ ಚಾರ್ಜೂ ಒಂದು ದಿನದ ಕೂಲಿಯೂ ಉಳಿಯುತ್ತದೆ. ಅದು ದೊಡ್ಡ ಉಪಕಾರ. ರಾಯರ ಡಾಕ್ಟರು ಇರುವುದು ಮೂರನೇ ಕ್ರಾಸಿನಲ್ಲಿ.

ಮೊನ್ನೆ ಹೇಗೋ ಕ್ಲಿನಿಕ್ಕಿಗೇ ಹೋದರು. ಡಾಕ್ಟರ ಕಣ್ಣು ಕಂಪ್ಯೂಟರಿನಲ್ಲಿ, ರಾಯರದು ಮೊಬೈಲಿನಲ್ಲಿ.

"ಏನು ತೊಂದರೆ?"

"ಯೂರಿಕ್ ಆ್ಯಸಿಡ್ 7.3."

"ಅದಿರಲಿ, ನಿಮಗೆ ಏನಾಗ್ತಿದೆ?"

ರಾಯರು ವಾಚ್ ನೋಡಿಕೊಂಡರು. ಚಾರ್ಜ್ ಮುಗಿದಿತ್ತು. "ಇವತ್ತು ಗೊತ್ತಾಗ್ತಿಲ್ಲ ಡಾಕ್ಟ್ರೇ."

ಡಾಕ್ಟರು ಎದ್ದು ಬಂದು ನಾಡಿ ಹಿಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು, ಹೊಟ್ಟೆ ಒತ್ತಿದರು, ಏನೂ ಇಲ್ಲ, ಮನೆಗೆ ಹೋಗಿ ಎಂದರು. ಸಂಜೆ ರಾಯರು ಆ ಕ್ಲಿನಿಕ್ಕಿಗೆ ಮೂರು ಸ್ಟಾರ್ ಕೊಟ್ಟು ಬರೆದರು: "ಡಾಕ್ಟರು ಒಳ್ಳೆಯವರು. ಆದರೆ ಕಾಯಿಲೆ ಇಲ್ಲ ಅಂದುಬಿಡ್ತಾರೆ. ಪಾರ್ಕಿಂಗೂ ಇಲ್ಲ."