ಮೇಲಿಂದ ಎಲ್ಲ ಹಸಿರು: ಉಪಗ್ರಹ ಸಾಹೇಬರಿಗೊಂದು ಬಹಿರಂಗ ಅರ್ಜಿ

ಗದಗ ಸೀಮೆ, ಮೇ 2024

ನೂರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಮಾನ್ಯ ಉಪಗ್ರಹ ಸಾಹೇಬರಿಗೆ, ಎರೆಹೊಲದ ಒಣಬೇಸಾಯಗಾರನಾದ ಅರ್ಜಿದಾರನು ಬರೆದುಕೊಳ್ಳುವ ವಿಜ್ಞಾಪನೆ.

ಅರ್ಜಿದಾರನು ಬರ ಪರಿಹಾರ ಕೇಳಲು ಹೋಗಿ ಈಗಷ್ಟೇ ಕಚೇರಿಯೊಂದರಿಂದ ಬರಿಗೈಲಿ ಬಂದಿದ್ದಾನೆ. ಹೊಲ ಇರುವುದು ನಿಜ, ಬರ ಬಿದ್ದದ್ದೂ ನಿಜ. ಆದರೆ ಹೊಲದ ಸರ್ವೆ ನಂಬರು ಅವನ ಫ್ರೂಟ್ಸ್ ಐಡಿಗೆ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆಗೆ, ಜೋಡಣೆಯಾಗಿಲ್ಲವಂತೆ. ಜೋಡಿಸಿಕೊಡಿ ಎಂದರೆ, 'ಸರ್ವರ್ ಇಲ್ರೀ, ನಾಳೆ ಬರ್ರಿ.' ಕೆಳಗಿನವರು ಕೈಗೆ ಸಿಗದಿದ್ದಾಗ ಮೇಲಿನವರಿಗೆ ಬರೆಯುವುದು ವಾಡಿಕೆ. ತಮಗಿಂತ ಮೇಲಿನವರು ಸದ್ಯಕ್ಕೆ ಯಾರೂ ಕಾಣಲಿಲ್ಲ.

2023ರ ಜೂನ್ 6ರಂದು ಅರಬ್ಬಿ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ಹುಟ್ಟಿದ್ದನ್ನು ತಾವು ಕಂಡೇ ಇದ್ದೀರಿ. ಕಡಲಿನ ಮೇಲ್ನೀರು 26-27 ಡಿಗ್ರಿ ದಾಟಿತೆಂದರೆ ಚಂಡಮಾರುತಕ್ಕೆ ಅದೇ ಉರುವಲು. ಮುಂಗಾರಿನ ಪಾಲಿನ ತೇವವನ್ನೂ ತನ್ನತ್ತ ಎಳೆದುಕೊಂಡು ಅದು ಗುಜರಾತಿನ ಕಡೆ ನಡೆಯಿತು, 15ರಂದು ಜಖೌ ಬಂದರಿನ ಹತ್ತಿರ ದಡ ಸೇರಿತು. ಜೂನ್ 1ಕ್ಕೆ ಕೇರಳ ಮುಟ್ಟಬೇಕಿದ್ದ ಮುಂಗಾರು ಮುಟ್ಟಿದ್ದು 8ಕ್ಕೆ. ಅದೇ 8ರಂದು ಅಮೆರಿಕದ ಹವಾಮಾನ ಸಂಸ್ಥೆ, ಪೆಸಿಫಿಕ್‌ನಲ್ಲಿ ಎಲ್ ನಿನೋ ಶುರುವಾಗಿದೆಯೆಂದು ಸಾರಿತು. ಒಂದೇ ದಿನ ಇಬ್ಬರು ನೆಂಟರು: ಒಬ್ಬ ತಡವಾಗಿ ಬಂದ, ಇನ್ನೊಬ್ಬ ಬೇಗ ಹೋಗಲೇ ಇಲ್ಲ.

ಹೆಸರು ಬಿತ್ತುವ ಹದ ತಪ್ಪಿತು. ಜುಲೈ ಮಳೆ ನಂಬಿ ಅರ್ಜಿದಾರ ಗೋವಿನಜೋಳ ಹಾಕಿದ. ಆಗಸ್ಟ್ ಬಂತು. ಕಾದ ಪೆಸಿಫಿಕ್ ಮೇಲೆ ಗಾಳಿ ಏಳುತ್ತಿದ್ದರೆ ನಮ್ಮ ಕಡೆ ಇಳಿಯುತ್ತಿತ್ತು. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಮಳೆಯೆಲ್ಲ ಹಿಮಾಲಯದ ತಪ್ಪಲಿಗೆ ಸರಿದು ಹಿಮಾಚಲದಲ್ಲಿ ಗುಡ್ಡ ಕುಸಿದವು. ಒಟ್ಟು ದೇಶಕ್ಕೆ ಅದು 1901ರಿಂದೀಚಿನ ಅತಿ ಒಣ ಆಗಸ್ಟ್. ಗೋವಿನಜೋಳ ಗಿಡ್ಡಾಗಿ ನಿಂತಿತು, ಸೆಪ್ಟೆಂಬರಿನ ನಾಲ್ಕು ಹನಿಗೆ ಹಸಿರೂ ಆಯಿತು. ತೆನೆ ಸುಲಿದರೆ ಕಾಳಿಲ್ಲ.

ತಮ್ಮ ಪ್ರವೇಶ ಇಲ್ಲಿ. ಕೇಂದ್ರದ 2016ರ ಬರ ಕೈಪಿಡಿಯಂತೆ ಬರ ಘೋಷಣೆಗೆ ಮಳೆ ಕೈಕೊಟ್ಟರಷ್ಟೇ ಸಾಲದು. ಬಿತ್ತನೆ, ಮಣ್ಣಿನ ತೇವಗಳ ಜತೆಗೆ ತಾವು ಮೇಲಿಂದ ಕಂಡ ಹಸಿರಿನ ಲೆಕ್ಕವೂ ಹಿಡಿಯಬೇಕು. ತಾವು ಹಸಿರು ಕಂಡಿರಿ. ಬದುವಿನ ಬಳ್ಳಾರಿ ಜಾಲಿಯೂ ಹಸಿರೇ. ಕಾಂಗ್ರೆಸ್ ಕಸವೂ ಹಸಿರೇ. ದಿಲ್ಲಿಯಲ್ಲಿ ಯಾರೇ ಇರಲಿ, ಅದರ ಬೆಳವಣಿಗೆಗೆ ಧಕ್ಕೆಯಿಲ್ಲ. ಬಳ್ಳಾರಿ ಜಾಲಿಯ ಆರೋಗ್ಯವಂತೂ ಆ ವರ್ಷ ಅತ್ಯುತ್ತಮ. ಕೊನೆಗೆ ಇದು 'ಹಸಿರು ಬರ' ಎಂದು ರಾಜ್ಯ ಸರ್ಕಾರವೇ ಕೇಂದ್ರದ ತಂಡಕ್ಕೆ ವಿವರಿಸಬೇಕಾಯಿತು.

236 ತಾಲ್ಲೂಕುಗಳಲ್ಲಿ 223 ಬರಪೀಡಿತ. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಏಪ್ರಿಲ್‌ನಲ್ಲಿ ಮಂಜೂರಾದದ್ದು 3,454 ಕೋಟಿ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ಅದೂ ಎರಡೇ ಹೆಕ್ಟೇರಿನವರೆಗೆ. ಎಕರೆಗೆ ಮೂರೂವರೆ ಸಾವಿರವೂ ಬೀಳದು.

ಆ ಮೂರೂವರೆ ಸಾವಿರವೂ ಬಂದಿಲ್ಲ, ಸಾಹೇಬರೇ! ಎಲ್ಲೋ ಪೆಸಿಫಿಕ್ ಅರ್ಧ ಡಿಗ್ರಿ ಬೆಚ್ಚಗಾದರೆ ಲೆಕ್ಕ ಸಿಗುತ್ತದೆ, ಇಲ್ಲಿ ಒಂದು ಸರ್ವೆ ನಂಬರನ್ನು ಒಂದು ಹೆಸರಿಗೆ ಅಂಟಿಸಲಾಗುವುದಿಲ್ಲವೇ? ಪಹಣಿ ಸರ್ಕಾರದ್ದು, ಆಧಾರ್ ಸರ್ಕಾರದ್ದು, ಇಲ್ಲದ ಸರ್ವರೂ ಸರ್ಕಾರದ್ದೇ. ಅರ್ಜಿದಾರನದೆಂದು ಇದ್ದದ್ದು ಬೆಳೆಯೊಂದೇ, ಅದು ಹೋಯಿತು. ಹೋದದ್ದಕ್ಕೆ ಪುರಾವೆ ತರಬೇಕಾದವನೂ ಅವನೇ!

ಆದ್ದರಿಂದ ಪ್ರಾರ್ಥನೆ: ಮುಂದಿನ ಸುತ್ತಿನಲ್ಲಿ ಈ ಹೊಲದ ಮೇಲೆ ಹಾಯುವಾಗ ಬಳ್ಳಾರಿ ಜಾಲಿಗೇ ಒಂದು ಫ್ರೂಟ್ಸ್ ಐಡಿ ಮಾಡಿಸಿಕೊಡಬೇಕು. ಅದರ ಹಣ ಬೇಗ ಬಂದೀತು. ಬ್ಯಾಂಕಿಗೆ ಅದನ್ನು ಹೊತ್ತೊಯ್ಯಲು ಅರ್ಜಿದಾರ ಸಿದ್ಧನಿದ್ದಾನೆ, ಮುಳ್ಳು ಚುಚ್ಚಿದರೂ ಅಡ್ಡಿಯಿಲ್ಲ.